ಅಂಗೈ ಮೇಲಾದರೆ ನಿಲ್ಲುವ ವಾಚು

ಫೆಬ್ರವರಿ 3

ಚಿಮ್ಮಟ,

ನಿನ್ನ ವಾಚು ತಲುಪಿತು. ಹತ್ತಿಯಲ್ಲಿ ಸುತ್ತಿ, ಅದರ ಮೇಲೊಂದು ಕಾಲುಚೀಲ, ಅದರ ಮೇಲೆ ಇನ್ನೊಂದು. ಎರಡನೆಯದನ್ನು ಒಗೆದಿರಲಿಲ್ಲ ಎಂಬುದು ಅಂಚೆಯವನಿಗೂ ಗೊತ್ತಾಗಿರಬೇಕು, ಕೊಟ್ಟವನೇ ಓಡಿಹೋದ.

ದೂರು ಓದಿ ಅರ್ಧ ದಿನ ತಲೆ ಕೆರೆದುಕೊಂಡೆ. ಕೆಲಸದ ದಿನ ಸಂಜೆಯೊಳಗೆ ಅರ್ಧ ಗಂಟೆ ಹಿಂದೆ ಬೀಳುತ್ತದೆ, ರಜೆಯ ದಿನ ಸರಿಯಾಗಿ ಓಡುತ್ತದೆ! ಮೂವತ್ತು ವರ್ಷದಿಂದ ವಾಚು ರಿಪೇರಿ ಮಾಡುತ್ತಿದ್ದೇನೆ, ಇಂಥ ದೂರು ಯಾವ ಗಿರಾಕಿಯೂ ತಂದಿಲ್ಲ. ಅದೂ ನಿನಗೆ ಕೆಲಸ ಸಿಕ್ಕಾಗ ನಾನೇ ಒಂದೊಂದು ಹಲ್ಲುಚಕ್ರ ಆರಿಸಿ ಜೋಡಿಸಿಕೊಟ್ಟ ವಾಚು. ಅಂಗಡಿಯಲ್ಲಿ ಕೊಂಡದ್ದಾಗಿದ್ದರೆ ಮಾಡಿದವರನ್ನು ಬೈಯಬಹುದಿತ್ತು. ಈಗ ಬೈಸಿಕೊಳ್ಳಬೇಕಾದವಳು ನಾನೇ.

ಹತ್ತು ದಿನ ಮೇಜಿನ ಮೇಲಿಟ್ಟೆ, ಒಂದು ನಿಮಿಷವೂ ಹಿಂದೆ ಬೀಳಲಿಲ್ಲ. ಆಮೇಲೆ ಕೈಗೆ ಕಟ್ಟಿಕೊಂಡೆ. ಎರಡು ದಿನ ಸ್ವಂತ ಕೈಗೆ ಕಟ್ಟಿ ನೋಡದೆ ನಾನು ಯಾವ ವಾಚನ್ನೂ ವಾಪಸು ಕೊಡುವುದಿಲ್ಲವಲ್ಲ. ಈಗ ಮಣಿಕಟ್ಟಿನಿಂದ ಮೊಣಕೈವರೆಗೆ ಆರು ಇವೆ, ನಿನ್ನದು ನಡುವೆ. ಅಲ್ಲೂ ಜಾಣೆಯ ಹಾಗೆ ಓಡುತ್ತಿದೆ. ನಿನ್ನ ಕೈಗೇ ಏನೋ ರೋಗ ಬಂದಿರಬೇಕು.

ರೋಗ ಎಂದಾಗ ನೆನಪಾಯಿತು. ನನ್ನದು ಮತ್ತೆ ಬಂದಿದೆ. ಅಂಡಾಶಯ ತೆಗೆದ ಮೇಲೂ ಹೊಟ್ಟೆಯೊಳಗೆ ಎಲ್ಲೋ ಅಡಗಿ ಕೂತಿತ್ತಂತೆ. ಹೋದ ವರ್ಷ ಕೆಲಸ ಮಾಡಿದ ಔಷಧಿ ಈ ಸಲ ಮಾಡುತ್ತಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ತಿಂಗಳಿಗೊಮ್ಮೆ ಸೂಜಿ ಹಾಕಿ ತೆಗೆಯುತ್ತಾರೆ. ಆ ನೀರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದರು. ಚೆಲ್ಲುವುದನ್ನು ಕೊಡಲು ನನ್ನ ಗಂಟೇನು ಹೋಗುತ್ತದೆ, ಸಹಿ ಹಾಕಿದೆ.

ಫೋನ್ ಮಾಡಬೇಡ. ಕಣ್ಣಲ್ಲಿ ಭೂತಗನ್ನಡಿ, ಎರಡೂ ಕೈಯಲ್ಲಿ ಸಾಮಾನು ಇರುವಾಗ ನಾನು ಎತ್ತುವವಳಲ್ಲ. ಬರೆ.

ಇಂತಿ,
ಆರು ವಾಚಿನ ನಿನ್ನ ಚಿಕ್ಕಮ್ಮ


ಫೆಬ್ರವರಿ 9

ಚಿಕ್ಕಮ್ಮಾ,

ಒಂದು ಪುಟ ತುಂಬ ವಾಚು, ಕೊನೆಗೆ ಆರೇ ಸಾಲು ನೀನು. ಆ ಆರು ಸಾಲನ್ನು ಮೂರು ಸಲ ಓದಿದೆ. ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಕಾಲುಚೀಲದ ವಿಷಯ ನೆನಪಾಗಿ ನಗುವೂ ಬಂತು. ಮೂರೂ ಒಟ್ಟಿಗೆ ಬಂದಾಗ ಮನುಷ್ಯರ ಮುಖ ಹೇಗಿರುತ್ತದೆ ಎಂದು ಪಕ್ಕದ ಮೇಜಿನ ಏಣಿಯನ್ನು ಕೇಳು. (ಆರಡಿ ನಾಲ್ಕಂಗುಲ ಇದ್ದಾನೆ, ಆದ್ದರಿಂದ ಏಣಿ.)

ಅತ್ತದ್ದು ಸಾಕು. ನಿನ್ನ ನೀರು ಎಲ್ಲಿಗೆ ಹೋಗುತ್ತದೆ ಹೇಳಲಾ? ನಮ್ಮಂಥ ಲ್ಯಾಬಿಗೇ. ಐದು ಆಸ್ಪತ್ರೆಗಳಿಂದ ತಿಂಗಳಿಗೊಮ್ಮೆ ತಣ್ಣನೆಯ ಪೆಟ್ಟಿಗೆ ಬರುತ್ತದೆ. ಆ ನೀರಿನಲ್ಲಿ ತೇಲುವ ಕ್ಯಾನ್ಸರ್ ಕೋಶಗಳನ್ನು ನಾವು ಬೇರ್ಪಡಿಸಿ, ಮೂರು ಸಲ ತೊಳೆದು, ಜೆಲ್ಲಿಯ ಹನಿಯಲ್ಲಿ ಕೂರಿಸಿ, ತಟ್ಟೆಯಲ್ಲಿ ಬೆಳೆಸುತ್ತೇವೆ. ಹತ್ತು ದಿನಕ್ಕೆ ಪುಟಾಣಿ ಗೆಡ್ಡೆಗಳಾಗುತ್ತವೆ, ಕಣ್ಣಿಗೆ ಕಾಣದಷ್ಟು ಚಿಕ್ಕವು. ಅವುಗಳ ಮೇಲೆ ಔಷಧಿ ಹಾಕಿ ನೋಡುವುದು ನನ್ನ ಕೆಲಸ. ಒಬ್ಬ ಹೆಂಗಸಿನ ಮೇಲೆ ಹತ್ತು ಔಷಧಿ ಪ್ರಯೋಗಿಸಲಾಗುವುದಿಲ್ಲ. ಅವಳ ಗೆಡ್ಡೆಯ ನೂರು ತುಣುಕಿನ ಮೇಲೆ ಪ್ರಯೋಗಿಸಬಹುದು.

ಯಾರ ಹೆಸರೂ ನಮಗೆ ಗೊತ್ತಾಗುವುದಿಲ್ಲ, ಸಂಖ್ಯೆ ಮಾತ್ರ. ಸಂಖ್ಯೆ ಕರೆದು ಕರೆದು ಬೇಜಾರಾಗಿ ಅಡ್ಡಹೆಸರು ಇಟ್ಟುಕೊಂಡಿದ್ದೇವೆ. 39 ಸೋಂಬೇರಿ. 44 ಗಡಿಬಿಡಿ. ಹೋದ ವಾರ ಬಂದ 47 ಎಂಥ ಜೋರಿನವಳು ಅಂತೀಯ, ನಾಲ್ಕೇ ದಿನಕ್ಕೆ ಹನಿ ತುಂಬಿಕೊಂಡಿದ್ದಾಳೆ. ಅವಳಿಗೆ ಹಠಮಾರಿ ಎಂದು ಹೆಸರಿಟ್ಟೆ.

ನಮ್ಮ ತಲೆನೋವು ಒಂದೇ. ಆಸ್ಪತ್ರೆಯಲ್ಲಿ ಯಾವ ಔಷಧಿಗೂ ಬಗ್ಗದ ಗೆಡ್ಡೆ, ನಮ್ಮ ತಟ್ಟೆಯಲ್ಲಿ ಅದೇ ಔಷಧಿಗೆ ತೆಪ್ಪಗೆ ಸಾಯುತ್ತದೆ! ಬಣ್ಣ ಹಾಕಿದರೆ ಬದುಕಿರುವುದು ಹಸಿರಾಗಿ, ಸತ್ತದ್ದು ಕೆಂಪಾಗಿ ಕಾಣುತ್ತದೆ. ನಮ್ಮಲ್ಲಿ ಎಲ್ಲವೂ ಕೆಂಪು. ಏಣಿ ಕುಣಿದ. ನಮ್ಮ ಲ್ಯಾಬು ನಡೆಸುವ ಮೇಡಂ ಕನ್ನಡಕ ತೆಗೆದು, "ಏನ್ ಸಂಭ್ರಮ ಪಡ್ತೀರಿ? ಅಲ್ಲಿ ಆ ಹೆಂಗಸಿಗೆ ವಾಸಿ ಆಗ್ತಿಲ್ಲ, ಇಲ್ಲಿ ನೀವು ಗೆದ್ವಿ ಅಂತಿದ್ದೀರಿ. ನಿಮ್ಮ ತಟ್ಟೆ ಸುಳ್ಳು ಹೇಳ್ತಾ ಇದೆ," ಎಂದರು.

ಆ ಸುಳ್ಳನ್ನು ಹಿಡಿಯಲೇಬೇಕು ಚಿಕ್ಕಮ್ಮಾ. ಈಗಂತೂ ಹಿಡಿಯಲೇಬೇಕು.

ನಿನ್ನ
ಚಿಮ್ಮಟ


ಮಾರ್ಚ್ 14

ಚಿಮ್ಮಟ,

ಸಿಕ್ಕಿಬಿದ್ದ ಕಳ್ಳ! ನಿನ್ನ ವಾಚಿನ ಕಾಯಿಲೆ ಗೊತ್ತಾಯಿತು. ಎಲ್ಲಿ ಗೊತ್ತೇ? ಆಸ್ಪತ್ರೆಯ ಕುರ್ಚಿಯಲ್ಲಿ.

ಮೊನ್ನೆ ಔಷಧಿ ಏರಿಸಿಕೊಳ್ಳಲು ಹೋಗಿದ್ದೆ. ಹೊಸ ನರ್ಸ್ ನನ್ನ ತೋಳು ನೋಡಿ, "ಇಷ್ಟೊಂದು ಟೈಮ್ ಕಟ್ಕೊಂಡು ಎಲ್ಲಿಗಮ್ಮಾ ಹೊರಟಿದ್ದೀರಿ?" ಎಂದಳು. ಹುಡುಗಿ ಚುರುಕು, ನನಗೆ ಹಿಡಿಸಿದಳು. ಐದು ವಾಚು ಬಿಚ್ಚಿಸಿದಳು. ನಿನ್ನದನ್ನು ಮಾತ್ರ, ಇದು ನಮ್ಮ ಹುಡುಗಿಯದು ಎಂದು ಬೇಡಿಕೊಂಡು ಉಳಿಸಿಕೊಂಡೆ. ಕೈಯನ್ನು ಅಂಗೈ ಮೇಲೆ ಮಾಡಿ ಮಲಗಿಸಿ ಸೂಜಿ ಚುಚ್ಚಿದಳು. ಒಂದು ಗಂಟೆ ಆದ ಮೇಲೆ ಬಗ್ಗಿ ನೋಡುತ್ತೇನೆ, ವಾಚಿನಲ್ಲಿ ಇನ್ನೂ ಸೂಜಿ ಚುಚ್ಚಿದ ಹೊತ್ತೇ ಇದೆ!

ಸೆಕೆಂಡು ಮುಳ್ಳು ಕೂದಲೆಳೆಯಷ್ಟು ಸಡಿಲ. ಅಂಗೈ ಮೇಲಾದರೆ ವಾಚಿನ ಮುಖ ಕೆಳಗಾಗುತ್ತದೆ, ಮುಳ್ಳು ಜಾರಿ ಗಾಜಿಗೆ ಒರಗುತ್ತದೆ, ವಾಚು ನಿಲ್ಲುತ್ತದೆ. ಕೈ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ನನ್ನ ಕೈ ದಿನವಿಡೀ ಮೇಜಿನ ಮೇಲೆ ಬೋರಲಾಗಿರುತ್ತದೆ, ನನಗೆಲ್ಲಿ ಗೊತ್ತಾಗಬೇಕು! ಅದು ಬದುಕುವ ಕೈ ಏನು ಮಾಡುತ್ತದೆ ಎಂದು ಕೇಳದೆ ನನ್ನ ಕೈಗೆ ಕಟ್ಟಿಕೊಂಡು ಸರ್ಟಿಫಿಕೇಟು ಕೊಟ್ಟೆ. ಮೂವತ್ತು ವರ್ಷದ ಅನುಭವವಂತೆ, ಮಣ್ಣು.

ಈಗ ನೀನು ಹೇಳು. ದಿನಕ್ಕೆ ಅರ್ಧ ಗಂಟೆ ಅಂಗೈ ಮೇಲೆ ಮಾಡಿಕೊಂಡು ಏನು ಮಾಡುತ್ತೀಯ? ಯಾರ ಮುಂದೆ ಕೈ ಚಾಚುತ್ತಿದ್ದೀಯ?

ಮುಳ್ಳು ಕೂರಿಸುವುದು ತಡವಾಗಬಹುದು. ಔಷಧಿಯಿಂದ ಬೆರಳ ತುದಿಗೆ ಜೋಮು ಹಿಡಿದಿದೆ, ಸ್ಕ್ರೂ ಕೈಗೆ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ. ಬಿದ್ದರೆ ಎತ್ತಿಕೊಡಲು ಮೇಜಿನ ಕೆಳಗೆ ಕೂರುತ್ತಿದ್ದ ಚಿಮ್ಮಟವೂ ಈಗ ದೊಡ್ಡ ಮನುಷ್ಯಳಾಗಿದ್ದಾಳೆ.

ನಿನ್ನ
ಚಿಕ್ಕಮ್ಮ


ಮಾರ್ಚ್ 20

ಚಿಕ್ಕಮ್ಮಾ,

ತಟ್ಟೆ! ತಟ್ಟೆ ಮಗುಚುತ್ತೇನೆ!

ಜೆಲ್ಲಿಯ ಹನಿ ಗಟ್ಟಿಯಾಗುವ ಮೊದಲು ಕೋಶಗಳೆಲ್ಲ ತಳಕ್ಕೆ ಇಳಿದುಬಿಡುತ್ತವೆ. ಇಳಿಯಬಾರದೆಂದು ಹನಿ ಹಾಕಿದ ತಕ್ಷಣ ತಟ್ಟೆಯನ್ನು ಮಗುಚಿ ಅಂಗೈ ಮೇಲೆ ಹಿಡಿದುಕೊಳ್ಳುತ್ತೇನೆ. ಒಂದೊಂದಕ್ಕೆ ಎರಡು ನಿಮಿಷ, ದಿನಕ್ಕೆ ಹದಿನೈದು ತಟ್ಟೆ. ಲೆಕ್ಕ ಹಾಕು! ಏಣಿಗೆ ಹೇಳಿದೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಮೇಡಂ ಮಾತ್ರ ನಗಲಿಲ್ಲ. "ನಿಮ್ಮ ಚಿಕ್ಕಮ್ಮ ಬರೆದಿದ್ದನ್ನ ಇನ್ನೊಂದ್ಸಲ ಓದಮ್ಮ," ಎಂದರು. ಅದು ಬದುಕುವ ಕೈ ಏನು ಮಾಡುತ್ತದೆ ಎಂಬ ಸಾಲನ್ನು ಎರಡು ಸಲ ಓದಿಸಿ, ಬಾಗಿಲ ಹತ್ತಿರ ಬೋರ್ಡಿನ ಮೇಲೆ ಬರೆದಿಟ್ಟರು. ನೀನೀಗ ನಮ್ಮ ಲ್ಯಾಬಿನ ಗೋಡೆಯ ಮೇಲಿದ್ದೀಯ.

ಬೆರಳಿನ ವಿಷಯ ಡಾಕ್ಟರಿಗೆ ಹೇಳಿದೆಯಾ? ಹೇಳಿಲ್ಲ ಎಂದು ನನಗೆ ಗೊತ್ತು. ಹೇಳು.

ನಿನ್ನ
ಚಿಮ್ಮಟ


ಏಪ್ರಿಲ್ 28

ಚಿಕ್ಕಮ್ಮಾ ಚಿಕ್ಕಮ್ಮಾ ಚಿಕ್ಕಮ್ಮಾ,

ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ನಾನೊಂದು ದೊಡ್ಡ ತಪ್ಪು ಮಾಡಿದೆ. ಹಠಮಾರಿಯ ಹೊಸ ಟ್ಯೂಬುಗಳ ಮೇಲೆ ಏಣಿ "ತೊ" ಎಂದು ಬರೆದಿಟ್ಟು ಊಟಕ್ಕೆ ಹೋಗಿದ್ದ. ತೊ ಎಂದರೆ ತೊಳೆದದ್ದು ಎಂದುಕೊಂಡು ನಾನು ಜೆಲ್ಲಿಗೆ ಸೇರಿಸಿ, ತಟ್ಟೆ ಮಗುಚಿ, ಎಲ್ಲ ಮುಗಿಸಿದೆ. ಅವನು ಬರೆದದ್ದು ತೊಳೆಯಬೇಕು ಎಂದಂತೆ! ಒಂದೇ ಅಕ್ಷರದಲ್ಲಿ ಆದದ್ದೂ ಆಗಬೇಕಾದ್ದೂ ಎರಡೂ ಕೂತಿವೆ, ಯಾರನ್ನು ಬೈಯುವುದು? ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಬೈದುಕೊಂಡೆವು.

ಹತ್ತು ದಿನ ಬಿಟ್ಟು ನೋಡಿದರೆ ತಟ್ಟೆ ಗಲೀಜು. ಗೆಡ್ಡೆಗಳ ನಡುವೆ ಉದ್ದುದ್ದ ಕೈಕಾಲು ಚಾಚಿಕೊಂಡ ಬೇರೆ ಕೋಶಗಳು. ಅವು ಕ್ಯಾನ್ಸರ್ ಅಲ್ಲ, ಹೊಟ್ಟೆಯಲ್ಲಿ ಗೆಡ್ಡೆಯ ಅಕ್ಕಪಕ್ಕ ಇರುವ ಸಾಧಾರಣ ಕೋಶಗಳು. ನಾವು ಮೂರು ಸಲ ತೊಳೆದು ಚೆಲ್ಲುವ ಕಸ ಅದೇ. ಏಣಿ ತಟ್ಟೆಯನ್ನು ಎಸೆಯಲು ಎತ್ತಿಕೊಂಡ. ಬೋರ್ಡಿನ ಮೇಲೆ ನಿನ್ನ ಸಾಲು ಕಣ್ಣಿಗೆ ಬಿತ್ತು. ತಲೆಯೊಳಗೆ ದೀಪ ಹತ್ತಿತು ನೋಡು. ಗೆಡ್ಡೆ ಬದುಕುವ ಮನೆಯಲ್ಲಿ ಇವರೂ ಇರುತ್ತಾರಲ್ಲವೇ? "ಕೊಡೋ ಇಲ್ಲಿ!" ಎಂದು ಕಿತ್ತುಕೊಂಡು ಔಷಧಿ ಹಾಕಿದೆ.

ಐದು ದಿನದ ಮೇಲೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಹಸಿರು! ಹಸಿರು, ಚಿಕ್ಕಮ್ಮಾ, ಪೂರ್ತಿ ಹಸಿರು! ತೊಳೆದ ತಟ್ಟೆಯಲ್ಲಿ ಒಂದೂ ಬದುಕಿರಲಿಲ್ಲ, ತೊಳೆಯದ ತಟ್ಟೆಯಲ್ಲಿ ಒಂದೂ ಜಗ್ಗಿಲ್ಲ. ನೆರೆಹೊರೆಯವರು ಗೆಡ್ಡೆಯನ್ನು ಬಚ್ಚಿಟ್ಟುಕೊಂಡು ಕಾಪಾಡುತ್ತಿದ್ದಾರೆ. ನಾವು ನೆರೆಯವರನ್ನು ಓಡಿಸಿ, ಒಂಟಿಯಾದದ್ದನ್ನು ಹೊಡೆದು, ಗೆದ್ದೆವು ಎನ್ನುತ್ತಿದ್ದೆವು.

ಮೇಡಂ ಬಂದು ನೋಡಿದರು. ತೊಳೆದ ತಟ್ಟೆಯನ್ನೂ ಇಟ್ಟು ನೋಡಿದರು. ಆಮೇಲೆ, "ಇದು ಸುಳ್ಳು ಹೇಳ್ತಿಲ್ಲ," ಎಂದರು. ಔಷಧಿ ಸೋತದ್ದಕ್ಕೆ ಮೂವರು ಕೈ ಕೈ ಹಿಡಿದು ಕುಣಿದದ್ದು ನಮ್ಮ ಲ್ಯಾಬಿನಲ್ಲಿ ಮಾತ್ರ ಇರಬೇಕು. ಸೋಲು ಕಣ್ಣಿಗೆ ಬಿತ್ತಲ್ಲ, ಇನ್ನು ಅದರ ಮೇಲೆ ಕೆಲಸ ಮಾಡಬಹುದು.

ನಿನ್ನ, ಹುಚ್ಚು ಹಿಡಿದಿರುವ,
ಚಿಮ್ಮಟ


ಮೇ 10

ಚಿಮ್ಮಟ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ವಾಚಿಗೆ ಪಟ್ಟಿ ಹಾಕಿಸಲು ಬಂದ ಮುದುಕರೊಬ್ಬರು ಪಟ್ಟಿ ಮರೆತು ಕೂತು ಕೇಳಿದರು. ಕೊನೆಗೆ, "ಆ ನೆರೆಯವರಿಗೂ ಏನಾದ್ರೂ ಔಷಧಿ ಇದೆಯಾ?" ಎಂದರು. ನೋಡು, ಅವರಿಗೂ ಅರ್ಥವಾಯಿತು. ಅವರ ಪ್ರಶ್ನೆಯೇ ನನ್ನದೂ.

ನಾನೂ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಮೊನ್ನೆ ನೀರು ತೆಗೆದಾಗ ನರ್ಸ್ ಆ ಕಡೆ ತಿರುಗಿದಳು. ಡಬ್ಬಿಯ ಮೇಲಿನ ಸ್ಟಿಕ್ಕರು ಓದಿಬಿಟ್ಟೆ. ಮೂವತ್ತು ವರ್ಷ ಇರುವೆ ಕಾಲಿನಂಥ ಅಕ್ಷರ ಓದಿದ ಕಣ್ಣು, ಓದಬೇಡ ಎಂದರೆ ಕೇಳುತ್ತದೆಯೇ?

ನಲವತ್ತೇಳು.

ನನಗೆ ಹಠಮಾರಿ ಎಂದು ಹೆಸರಿಟ್ಟವಳು ನೀನೇ ಆದದ್ದು ಎಷ್ಟು ಸರಿಯಾಗಿದೆ ಎಂದರೆ, ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ.

ನಿನ್ನ
ಹಠಮಾರಿ


ಮೇ 16

ಚಿಕ್ಕಮ್ಮಾ,

ಯಾಕೆ ಹೇಳಿದೆ? ಹೇಳಬಾರದಿತ್ತು. ಆದರೂ ಹೇಳಿದ್ದಕ್ಕೆ ಒಳಗೊಳಗೇ ಖುಷಿಯಾಯಿತು, ಆ ಖುಷಿಗೆ ಹೆದರಿಕೆಯೂ ಆಯಿತು. ಮೂರು ತಿಂಗಳಿಂದ ಅಂಗೈ ಮೇಲೆ ಹಿಡಿದುಕೊಂಡಿದ್ದು ನಿನ್ನನ್ನೇ.

ಕಾಗದ ಓದಿದ ದಿನ ಹಠಮಾರಿಯ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹಸಿರು ಎಣಿಸುವಾಗ ಕಡಿಮೆ ಎಣಿಸಬೇಕು ಎನಿಸಿತು. ಆಗಲೇ ಹೋಗಿ ಮೇಡಂಗೆ ಹೇಳಿಬಿಟ್ಟೆ. ಬೈಯಲಿಲ್ಲ. "ಈ ತಟ್ಟೆ ಇನ್ಮೇಲೆ ಏಣಿ ನೋಡ್ಕೊಳ್ಳಲಿ. ಪ್ರೀತಿ ಇದ್ದೋರು ಲೆಕ್ಕ ತಪ್ತಾರೆ. 47ರ ಬಗ್ಗೆ ಮನೆಗೆ ಒಂದಕ್ಷರ ಬರೀಬೇಡ," ಎಂದರು. ನಿನ್ನ ಆಸ್ಪತ್ರೆಗೂ ತಿಳಿಸಿದ್ದಾರೆ, ಇನ್ನು ಸ್ಟಿಕ್ಕರಿಗೆ ಮುಚ್ಚಳ ಬರುತ್ತದೆ.

ಹಾಗಾಗಿ ಬರೆಯುವುದಿಲ್ಲ. ಬಾಕಿ ಹದಿಮೂರು ಜನರ ತಟ್ಟೆಗಳು ನನ್ನವು, ಅವುಗಳ ಬಗ್ಗೆ ಬೇಕಾದಷ್ಟು ಬರೆಯುತ್ತೇನೆ. ನೀನೂ ಕೇಳಬೇಡ.

ನಿನ್ನ
ಚಿಮ್ಮಟ


ಜುಲೈ 30

ಚಿಮ್ಮಟ,

ಕೇಳುವುದಿಲ್ಲ.

ವಾಚು ಇಲ್ಲೇ ಇದೆ. ಮುಳ್ಳು ಇನ್ನೂ ಕೂರಿಸಿಲ್ಲ, ಬೆರಳು ಮಾತು ಕೇಳುತ್ತಿಲ್ಲ. ಬೇರೆ ಅಂಗಡಿಗೆ ಕೊಡು ಎಂದು ಬರೆಯಬೇಡ, ನನಗೆ ಕೋಪ ಬರುತ್ತದೆ. ನೀರು ಈಗ ಮೂರೇ ವಾರಕ್ಕೆ ತುಂಬುತ್ತದೆ. ಎರಡು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ, ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚುತ್ತೇನೆ. ಭಯವಾಗುತ್ತದೆ, ಕಣೇ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಚಿಕ್ಕಮ್ಮ


ಅಕ್ಟೋಬರ್ 5

ಚಿಕ್ಕಮ್ಮಾ,

ನಿನ್ನ ಅಂಗಡಿಯ ಮುದುಕರಿಗೆ ನನ್ನ ನಮಸ್ಕಾರ ಹೇಳು. ನೆರೆಯವರಿಗೂ ಔಷಧಿ ಇದೆ!

ಹೊಸದಲ್ಲ, ಬೇರೊಂದು ಕಾಯಿಲೆಗೆ ವರ್ಷಗಳಿಂದ ಕೊಡುತ್ತಿರುವ ಸಾಧಾರಣ ಗುಳಿಗೆ. ಅದು ಕ್ಯಾನ್ಸರನ್ನು ಕೊಲ್ಲುವುದಿಲ್ಲ. ನೆರೆಯವರಿಗೆ, ನೀವು ಸುಮ್ಮನಿರಿ, ಮಧ್ಯೆ ಕೈ ಹಾಕಬೇಡಿ ಎನ್ನುತ್ತದೆ, ಅಷ್ಟೇ. ಗುಳಿಗೆ ಒಂದನ್ನೇ ಹಾಕಿದರೆ ಎಲ್ಲ ಹಸಿರು. ಹಳೆಯ ಔಷಧಿ ಒಂದನ್ನೇ ಹಾಕಿದರೂ ಎಲ್ಲ ಹಸಿರು. ಎರಡನ್ನೂ ಹಾಕಿದೆ. ನನ್ನ ಹದಿಮೂರರಲ್ಲಿ ಒಂಬತ್ತು ಕೆಂಪು! ಸುಳ್ಳು ಕೆಂಪಲ್ಲ, ಮನೆಮಂದಿ ನೆರೆಹೊರೆ ಎಲ್ಲ ಇರುವಾಗಲೇ ಆದ ಕೆಂಪು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಉಳಿದ ನಾಲ್ಕು ಜಗ್ಗಲಿಲ್ಲ. ಅದನ್ನೂ ಹೇಳದಿದ್ದರೆ ಮೇಡಂ ನನ್ನ ಕಿವಿ ಹಿಂಡುತ್ತಾರೆ.

ಇದೇ ಜೋಡಿಯನ್ನು ಕೆಲವರಿಗೆ ಕೊಟ್ಟು ನೋಡಲು ಆಸ್ಪತ್ರೆಗಳು ಮೊದಲೇ ಅನುಮತಿ ಪಡೆದು ಕಾದಿದ್ದವು, ಯಾರಿಗೆ ಕೊಡಬೇಕೆಂಬುದೇ ಗೊತ್ತಿರಲಿಲ್ಲ. ಇನ್ನು ತಟ್ಟೆ ನೋಡಿ ಆರಿಸುತ್ತಾರಂತೆ. 47ರ ಬಗ್ಗೆ ನಾನು ಏನೂ ಬರೆದಿಲ್ಲ, ನೋಡಿಕೋ. ನನಗೆ ಗೊತ್ತೂ ಇಲ್ಲ. ಏಣಿಯ ಮುಖ ನೋಡಿ ತಿಳಿಯೋಣವೆಂದರೆ ಅದು ತುಂಬ ಎತ್ತರದಲ್ಲಿದೆ.

ನಿನ್ನ
ಚಿಮ್ಮಟ


ಅಕ್ಟೋಬರ್ 27

ಚಿಮ್ಮಟ,

ಡಾಕ್ಟರು ಕರೆದು, "ಹಳೇ ಔಷಧಿ ಜೊತೆಗೆ ಒಂದು ಗುಳಿಗೆ ಕೊಟ್ಟು ನೋಡೋ ಪರೀಕ್ಷೆ ಇದೆ, ಸೇರ್ತೀರಾ? ಗ್ಯಾರಂಟಿ ಏನೂ ಇಲ್ಲ," ಎಂದರು. ಗ್ಯಾರಂಟಿ ಕೊಟ್ಟ ವಾಚುಗಳೇ ನನ್ನ ಹತ್ತಿರ ರಿಪೇರಿಗೆ ಬರುವುದು ಎಂದೆ. ಪೆನ್ನು ಹಿಡಿಯಲು ಎರಡೂ ಕೈ ಬೇಕಾಯಿತು, ಆದರೆ ಸಹಿ ನನ್ನದೇ. ಹಳೆಯ ಔಷಧಿಯನ್ನು ಈಗ ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಕೊಡುತ್ತಾರೆ, ಬೆರಳಿಗೂ ಅದೇ ವಾಸಿಯಂತೆ.

ಇನ್ನು ಸ್ವಲ್ಪ ಕಾಲ ಬರೆಯುವುದಿಲ್ಲ. ಬರೆಯಲು ಏನಾದರೂ ಇದ್ದಾಗ ಬರೆಯುತ್ತೇನೆ.

ನಿನ್ನ
ಚಿಕ್ಕಮ್ಮ


ಫೆಬ್ರವರಿ 20

ಚಿಕ್ಕಮ್ಮಾ,

ನಾಲ್ಕು ತಿಂಗಳಿಂದ ನಾನು ಬರೆದ ಆರು ಕಾಗದಕ್ಕೂ ಉತ್ತರವಿಲ್ಲ. ಬರೆಯುವುದಿಲ್ಲ ಎಂದಿದ್ದೆ, ಸರಿ, ತಡೆದುಕೊಂಡೆ.

ಇವತ್ತು ಬೆಳಿಗ್ಗೆ ತಣ್ಣನೆಯ ಪೆಟ್ಟಿಗೆ ಬಂತು. ಇಳಿಸಿಕೊಂಡವಳು ನಾನೇ. ಒಂದು ಗೂಡು ಖಾಲಿ ಇತ್ತು, ಜೊತೆಯ ಚೀಟಿಯಲ್ಲಿ ಅದರ ಮುಂದೆ "ಸ್ಯಾಂಪಲ್ ಇಲ್ಲ" ಎಂದಷ್ಟೇ ಬರೆದಿತ್ತು. ಸಂಖ್ಯೆ ಬರೆಯುವುದಿಲ್ಲ, ಮೇಡಂಗೆ ಮಾತು ಕೊಟ್ಟಿದ್ದೇನೆ. ನಾನಿಲ್ಲಿರುವ ಎರಡು ವರ್ಷದಲ್ಲಿ ಸ್ಯಾಂಪಲ್ ಇಲ್ಲ ಎಂಬುದನ್ನು ಚೀಟಿಯಲ್ಲಿ ಎರಡು ಸಲ ಓದಿದ್ದೇನೆ, ಎರಡು ಸಲವೂ ಆ ಹೆಂಗಸರು ತೀರಿಕೊಂಡಿದ್ದರು. ಏಣಿ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ. ಅಂಗಡಿಗೆ ಮೂರು ಸಲ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

ಬೇರೇನೂ ಕೇಳುವ ಧೈರ್ಯವಿಲ್ಲ. ಒಂದೇ ಕೇಳುತ್ತೇನೆ.

ನನ್ನ ವಾಚು ಓಡುತ್ತಿದೆಯಾ?

ಚಿಮ್ಮಟ


ಫೆಬ್ರವರಿ 24

ಚಿಮ್ಮಟ,

ಓಡುತ್ತಿದೆ.

ಮೊನ್ನೆ ಫೋನ್ ಬಡಿದುಕೊಳ್ಳುತ್ತಿದ್ದಾಗ ನಿನ್ನ ಸೆಕೆಂಡು ಮುಳ್ಳನ್ನೇ ಕೂರಿಸುತ್ತಿದ್ದೆ. ಮೂರು ಸಲವೂ ಕೇಳಿಸಿತು. ಎತ್ತಿದ್ದರೆ ಮುಳ್ಳು ಬೀಳುತ್ತಿತ್ತು, ಹುಡುಕಲು ನೀನಿಲ್ಲ. ನಿನ್ನನ್ನು ಹೀಗೆ ಹೆದರಿಸಿದ್ದೇನೆಂದು ತಿಳಿದಿದ್ದರೆ ಬೀಳಲಿ ಎನ್ನುತ್ತಿದ್ದೆ. ನಾಲ್ಕು ತಿಂಗಳು ಸುಮ್ಮನಿದ್ದದ್ದು ನನ್ನ ತಪ್ಪು. ಒಳ್ಳೆಯ ಸುದ್ದಿ ಬರೆದು ಆಮೇಲೆ ಅಳಿಸಬೇಕಾದೀತೆಂದು ಹೆದರಿ ಕೂತಿದ್ದೆ. ಬೆರಳು ಪೂರ್ತಿ ಬಂದಿಲ್ಲ, ಆದರೆ ಮುಳ್ಳು ಕೂತಾಗ ಟಿಕ್ ಎಂದದ್ದು ತುದಿಗೆ ತಿಳಿಯಿತು. ಎರಡು ದಿನ ಅಂಗೈ ಮೇಲೆ ಮಾಡಿಕೊಂಡೇ ಕೂತಿದ್ದೆ. ಬಂದ ಗಿರಾಕಿಗಳೆಲ್ಲ ಭಿಕ್ಷೆ ಹಾಕುವುದೊಂದು ಬಾಕಿ. ಒಂದು ಸೆಕೆಂಡೂ ನಿಲ್ಲಲಿಲ್ಲ. ಇದರ ಜೊತೆಗೇ ಕಳಿಸುತ್ತಿದ್ದೇನೆ, ನಿನ್ನ ಎರಡೂ ಕಾಲುಚೀಲದಲ್ಲಿ ಸುತ್ತಿ. ಒಗೆದಿದ್ದೇನೆ.

ಹೋದ ವಾರ ಸೂಜಿ ಹಾಕಿಸಿಕೊಳ್ಳಲು ಹೋಗಿದ್ದೆ. ಚುರುಕು ನರ್ಸ್ ಹೊಟ್ಟೆಯ ಮೇಲೆ ಸ್ಕ್ಯಾನಿನ ಯಂತ್ರ ಇಟ್ಟು ಆ ಕಡೆ ಈ ಕಡೆ ನೀರು ಹುಡುಕಿದಳು. ಡಾಕ್ಟರನ್ನು ಕರೆದಳು. ಅವರೂ ಹುಡುಕಿದರು. "ಈಗಲೇ ಕುಣೀಬೇಡಿ, ಇನ್ನೂ ನಾಲ್ಕೇ ತಿಂಗಳು," ಎಂದರು. ಕುಣಿಯಲಿಲ್ಲ, ಮಲಗಿದ್ದಲ್ಲೇ ಕಾಲು ಅಲ್ಲಾಡಿಸಿದೆ. ನರ್ಸ್ ಸೂಜಿಯನ್ನು ಮತ್ತೆ ಅದರ ಕವರಿಗೆ ಸೇರಿಸಿ, ನಿಮ್ಮ ಪೆಟ್ಟಿಗೆಯ ಚೀಟಿ ಬರೆಯಲು ಕೂತಳು.

ಪೆಟ್ಟಿಗೆಯ ಗೂಡು ಖಾಲಿ ಬಂತೆಂದು ಬೇಜಾರು ಮಾಡಿಕೊಳ್ಳಬೇಡ ಎಂದು ನಿಮ್ಮ ಏಣಿಗೂ ಮೇಡಂಗೂ ಹೇಳು. ಈ ಸಲ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಇಂತಿ,
ನಿನ್ನ ಹಠಮಾರಿ ಚಿಕ್ಕಮ್ಮ